ಕೈಗೆ ಗೊತ್ತಿದ್ದ ಮನೆ

ಬಹಳ ಕಾಲದ ಹಿಂದೆ, ಹುಲಿಗಳಿಗೂ ಮಾತು ಬರುತ್ತಿತ್ತೆಂದು ಹಿರಿಯರು ಹೇಳುವ ಕಾಲದಲ್ಲಿ, ಇರುವಂತಿಗೆ ಎಂಬ ನಾಡಿತ್ತು. ಆ ಹುಲಿಗಳು ಏನು ಮಾತಾಡುತ್ತಿದ್ದವೆಂದು ಕೇಳಿದರೆ ಮಾತ್ರ ಯಾವ ಹಿರಿಯರೂ ಹೇಳುವುದಿಲ್ಲ. ಇರಲಿ. ಆ ನಾಡಿನ ರಾಜಧಾನಿಯ ಕೋಟೆಬೀದಿಯಲ್ಲಿ ಎರಡಂಕಣದ ಒಂದು ಮನೆಯಿತ್ತು. ಎರಡು ಕಂಬಗಳ ನಡುವಿನ ಜಾಗಕ್ಕೆ ಅಂಕಣವೆಂದು ಹೆಸರು. ಅಂಥ ಎರಡು ಸೇರಿದರೆ ಮನೆ ಎಷ್ಟು ದೊಡ್ಡದಾದೀತು? ಅಷ್ಟರಲ್ಲೇ ಮೂವರು ವಾಸವಾಗಿದ್ದರು: ಅರಮನೆಯ ಗಂಟೆ ಬಾರಿಸುವ ಕೇತಯ್ಯ, ಅವನ ಹೆಂಡತಿ ಸೋವಲೆ, ಅವನ ತಾಯಿ ಮಾಚವ್ವೆ.

ಮನೆ ಚಿಕ್ಕದಾದರೂ ಇಕ್ಕಟ್ಟೆನಿಸುತ್ತಿರಲಿಲ್ಲ. ಸೋವಲೆ ಪ್ರತಿಯೊಂದು ವಸ್ತುವಿಗೂ ಒಂದು ನೆಲೆ ಗೊತ್ತುಮಾಡಿದ್ದಳು. ಉಪ್ಪಿನ ಮರಿಗೆ ಒಲೆಯ ಬಲಕ್ಕೆ, ಸೌಟುಗಳು ಗೋಡೆಯ ಗೂಟಕ್ಕೆ, ಬೆಣ್ಣೆಯ ಗಡಿಗೆ ಸೂರಿನ ನೆಲುವಿಗೆ, ಸುತ್ತಿದ ಚಾಪೆಗಳು ಬಾಗಿಲ ಮೂಲೆಗೆ. "ತೆಗೆದ ಕೈಯೇ ಇಡಬೇಕು" ಎನ್ನುವುದು ಅವಳ ಕಟ್ಟಳೆ. ಸಂಜೆಯಾದರೆ ಮೂರು ಚಾಪೆ ಹಾಸಿ ಮೂವರೂ ಕಾಲು ಚಾಚಿ ಮಲಗುತ್ತಿದ್ದರು.

ಆ ನಾಡಿನಲ್ಲಿ ಒಂದು ಪದ್ಧತಿಯಿತ್ತು, ಒಂದು ಕಾನೂನೂ ಇತ್ತು. ಯಾರ ಮನೆಯಿಂದಾದರೂ ತಿನಿಸು ಬಂದರೆ, ಅದು ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸಬೇಕು. ಇದು ಪದ್ಧತಿ. ಚಾಪೆ ಹಾಸಲು ಜಾಗವಿಲ್ಲದ ಮನೆ ಮನೆಯಲ್ಲ, ಉಗ್ರಾಣ. ಉಗ್ರಾಣವು ಅಲ್ಲಿರುವ ವಸ್ತುಗಳ ಒಡೆಯನಿಗೆ ಸೇರತಕ್ಕದ್ದು. ಇದು ಕಾನೂನು. ಯಾವುದೋ ರಾಜ ಧಾನ್ಯದ ಕಣಜಗಳಿಗಾಗಿ ಬರೆಸಿದ್ದನ್ನು ಮುಂದಿನವರು ಮನೆಗಳಿಗೂ ಹಚ್ಚಿದರು.

ಕೋಟೆಯ ಹೊರಗೆ ಒಂದಂಕಣದ ಗುಡಿಸಲಿನಲ್ಲಿ ಕಣಜಾಕ್ಷನೆಂಬ ಮಾಂತ್ರಿಕನಿದ್ದ. ಪದ್ಧತಿ ಮತ್ತು ಕಾನೂನು ಎರಡನ್ನೂ ಓದಿಕೊಂಡು ಅವನು ತನ್ನ ವಿದ್ಯೆ ಕಟ್ಟಿದ್ದ. ಪ್ರತಿದಿನ ಬೆಳಿಗ್ಗೆ ಅವನ ಮಾಯಾಕೊಕ್ಕರೆ ಒಂದು ಪಾತ್ರೆಯಲ್ಲಿ ತಿನಿಸು ತಂದು ಹೊಸ್ತಿಲಲ್ಲಿಡುವುದು. ಮನೆಯಾಕೆ ಸಕ್ಕರೆ ತರಲೆಂದು ಒಳಗೆ ಹೋಗುವಳು. ಬರುವಷ್ಟರಲ್ಲಿ ಕೊಕ್ಕರೆ ಹಾರಿಹೋಗಿರುವುದು. ನಾಳೆ ಕೊಟ್ಟರಾಯಿತೆಂದು ಪಾತ್ರೆಯನ್ನು ಒಳಗಿಟ್ಟರೆ ಮುಗಿಯಿತು. ಸೂರ್ಯ ಮುಳುಗಿದೊಡನೆ ಆ ಪಾತ್ರೆಯೊಳಗಿನಿಂದ ಒಂದು ನೆನಪು ಹೊರಬಂದು ಮನೆಯವರ ತಲೆ ಸೇರುತ್ತಿತ್ತು.

ಸೋವಲೆಯ ಮನೆಗೆ ಬಿದಿಗೆಯಂದು ಪಾಯಸದ ಚೊಂಬು ಬಂತು. ಮರುದಿನ ಮಾಚವ್ವೆ ಅದನ್ನು ತಿರುಗಿಸಿ ನೋಡಿ, "ಇದು ನನ್ನ ತವರಿನ ಚೊಂಬಲ್ಲವೇನೇ? ಮದುವೆಯಲ್ಲಿ ನಮ್ಮಣ್ಣ ಕೊಟ್ಟದ್ದು" ಎಂದಳು. ಸೋವಲೆಗೂ ಹಾಗೇ ಇರಬೇಕೆನಿಸಿತು. ತದಿಗೆಗೆ ತಟ್ಟೆ, ಚೌತಿಗೆ ಕೊಳಗ, ಪಂಚಮಿಗೆ ಹೊರಲಾರದಷ್ಟು ದೊಡ್ಡ ಕೊಪ್ಪರಿಗೆ. ಆಮೇಲೆ ಒಂದೊಂದು ಪಾತ್ರೆಯೊಳಗೆ ಮತ್ತೆ ಹತ್ತು. ಎಲ್ಲದಕ್ಕೂ ನೆನಪಿನಲ್ಲಿ ಒಬ್ಬ ಸೋದರಮಾವ, ಒಂದು ನಾಮಕರಣ, ಒಂದು ಸೀಮಂತ. ಅಷ್ಟಮಿಯ ಹೊತ್ತಿಗೆ ಎರಡೇ ಚಾಪೆ ಹಾಸಲು ಸಾಧ್ಯವಾಯಿತು.

ಸೋವಲೆಗೆ ದಿಗಿಲಾದದ್ದು ಆಗ. ಹಿಂದಿನ ಹುಣ್ಣಿಮೆಗೆ ಪಕ್ಕದ ಮನೆ ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹುಣ್ಣಿಮೆಗೊಮ್ಮೆ ಮನೆಗಳನ್ನು ಅಳೆಯುವ ಹೆಗ್ಗಡೆ ಅರಮನೆಯ ಚಾಪೆ ಹಿಡಿದು ಬಂದ, ಹಾಸಲು ಜಾಗವಿರಲಿಲ್ಲ. ಕಣಜಾಕ್ಷ ಬಾಗಿಲಲ್ಲಿ ನಿಂತು ಚಿಟಿಕೆ ಹೊಡೆದ; ಒಳಗಿನ ಪಾತ್ರೆಗಳು ಒಟ್ಟಿಗೆ "ಓ" ಎಂದು ಓಗೊಟ್ಟವು. ಮನೆಯವರು ಗಂಟು ಹೊತ್ತು ಹೊರಟರು. ಬೀದಿಯಲ್ಲಿ ಅದು ನಾಲ್ಕನೆಯ ಮನೆ.

"ಇಲ್ಲಿ ನಮ್ಮದಲ್ಲದ್ದು ಸೇರಿಕೊಂಡಿದೆ" ಎಂದಳು ಸೋವಲೆ.

"ಯಾವುದು, ತೋರಿಸು" ಎಂದ ಕೇತಯ್ಯ.

ಅವಳು ಸುತ್ತ ನೋಡಿದಳು. ಒಂದೊಂದೂ ತಮ್ಮದೇ ಎಂದು ನೆನಪು ಹೇಳುತ್ತಿತ್ತು. ಬೆರಳು ತೋರಿಸಲು ಎತ್ತಿದ ಕೈ ಹಾಗೆಯೇ ನಿಂತಿತು.

"ಹಲ್ಲಿಯನ್ನು ಕೇಳೋಣ" ಎಂದ ಕೇತಯ್ಯ. ನಿಜ ನುಡಿದಾಗ ಹಲ್ಲಿ ಲೊಚಗುಟ್ಟುತ್ತದೆಂಬುದು ಎಲ್ಲರೂ ಬಲ್ಲ ಮಾತು. ಅರಮನೆಯ ಗೋಡೆಯಲ್ಲಿದ್ದದ್ದಂತೂ ಮುನ್ನೂರು ವರ್ಷದ ಚಿನ್ನದ ಹಲ್ಲಿ. ಅವನು ಅದನ್ನು ಬುಟ್ಟಿಯಲ್ಲಿ ಕೂರಿಸಿ ತಂದ. "ಈ ಚೊಂಬು ನಮ್ಮದೇ?" ಹಲ್ಲಿ ಲೊಚಗುಟ್ಟಿತು. "ಈ ಕೊಪ್ಪರಿಗೆ?" ಲೊಚಗುಟ್ಟಿತು. ನಲವತ್ತು ವಸ್ತುಗಳಿಗೂ ಲೊಚಗುಟ್ಟಿತು. ಸೋವಲೆ ಕೊನೆಗೆ, "ಆಕಾಶದ ಚಂದ್ರ ನಮ್ಮವನೇ?" ಎಂದು ಕೇಳಿದಳು. ಹಲ್ಲಿ ಇನ್ನೂ ಜೋರಾಗಿ ಲೊಚಗುಟ್ಟಿತು.

ಕೇತಯ್ಯ ತಲೆ ಕೆರೆದುಕೊಂಡ. "ಅವನೂ ನಮ್ಮವನೇ ಇರಬಹುದು."

"ಹಾಗಾದರೆ ಅವನನ್ನು ಎಲ್ಲಿಡುತ್ತೀಯಪ್ಪ, ಅಟ್ಟದ ಮೇಲೋ?" ಎಂದಳು ಮಾಚವ್ವೆ.

ದಶಮಿಯ ಹೊತ್ತಿಗೆ ಒಂದೇ ಚಾಪೆಯ ಜಾಗ ಉಳಿಯಿತು. ಮೂವರೂ ಅದರಲ್ಲಿ ಕುಳಿತೇ ನಿದ್ದೆ ಮಾಡಿದರು.

ಈಗ ಮಾಚವ್ವೆಯ ಸರದಿ. ನಾಡಿನ ಗಡಿಯಿಂದ ಅವಳು ತಲೆಯಾಡಿಸುವ ಬಸವನನ್ನು ಹೊಡೆದುಕೊಂಡು ಬಂದಳು. ಅದು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಮೂರು ರಾಜರ ಪಟ್ಟಾಭಿಷೇಕವನ್ನು ಗೊತ್ತುಮಾಡಿದ ಬಸವ. ಅದನ್ನು ಹೇಗೋ ಒಳಗೆ ತುರುಕಿದರು. "ಈ ಕೊಳಗ ನಮ್ಮದೇ ಬಸವ?" ಎಂದಾಗ ಅದು ತಲೆಯಾಡಿಸಿತು. "ನಮ್ಮದಲ್ಲವೇ?" ಎಂದಾಗಲೂ ಆಡಿಸಿತು. ಮಾಚವ್ವೆ ಕೈಮುಗಿದು ಮೂರನೆಯ ಸಲ ಕೇಳಿದಾಗ ಬಸವ ಬಾಯಿಬಿಟ್ಟು ಮಾತಾಡಿತು.

"ತಾಯಿ, ನಾನು ತಲೆಯಾಡಿಸುವುದು ನೊಣ ಓಡಿಸುವುದಕ್ಕೆ. ಜನ ತಮಗೆ ಬೇಕಾದದ್ದು ತಿಳಿದುಕೊಳ್ಳುತ್ತಾರೆ."

"ಮೂರು ರಾಜರು?" ಎಂದು ಸೋವಲೆ ಕೇಳಿದಳು.

"ಆ ವರ್ಷಗಳಲ್ಲಿ ನೊಣ ಹೆಚ್ಚು."

ಬಸವ ಅಲ್ಲಿ ತಿರುಗಲಾರದೆ ಹಿಮ್ಮುಖವಾಗಿಯೇ ಹೊರಗೆ ಹೋಯಿತು. ಹೋಗುವಾಗ ಸೋವಲೆಯನ್ನು ನೋಡಿ, "ಇಲ್ಲಿ ನನ್ನ ಕರುವಿನ ಗೆಜ್ಜೆಯೂ ಇದ್ದಹಾಗಿದೆ, ನೋಡಿರಮ್ಮ" ಎಂದಿತು. ಅಷ್ಟರಲ್ಲಿ ಸೂರ್ಯ ಮುಳುಗಿ ಬಸವನ ತಲೆಗೂ ನೆನಪು ಹೊಕ್ಕಿತ್ತು. ಸೋವಲೆಗೆ ನಗು ಬಂದು, ಆಮೇಲೆ ಅಳು ಬಂತು.

ತ್ರಯೋದಶಿ ಬಂತು. ಹುಣ್ಣಿಮೆಗೆ ಉಳಿದದ್ದು ಎರಡು ದಿನ. ನೆಲದಲ್ಲಿ ಉಳಿದದ್ದು ಒಬ್ಬರು ನಿಲ್ಲುವಷ್ಟು ಜಾಗ. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಸೋವಲೆ ಅತ್ತೆಯ ಕಡೆ ತಿರುಗಿ, "ಎಲ್ಲವೂ ನಿಮ್ಮಣ್ಣನೇ ಕೊಟ್ಟದ್ದೆಂದರೆ ಅವರಿಗೆಷ್ಟು ಕೈ ಅತ್ತೆ?" ಎಂದು ಜಗಳ ಹೂಡಿದ್ದಳು. ಗಂಜಿ ಉಕ್ಕಿತು. ಅವಳು ಮುಖ ತಿರುಗಿಸಲಿಲ್ಲ, ಮಾತು ನಿಲ್ಲಿಸಲಿಲ್ಲ. ಬಲಗೈ ತಾನಾಗಿ ಹಿಂದೆ ಹೋಗಿ ಗೂಟದ ಸೌಟನ್ನು ತೆಗೆದು ಗಂಜಿಯನ್ನು ತಿರುವಿತು. ಅದೇ ಗೂಟದಲ್ಲಿ ಹೊಳೆಯುವ ಹದಿನಾರು ಸೌಟು ತೂಗುತ್ತಿದ್ದವು. ಕೈ ತೆಗೆದದ್ದು ಹಿಡಿ ಸವೆದ ಹಳೆಯದನ್ನು.

ಸೋವಲೆ ಮಾತು ನಿಲ್ಲಿಸಿ ತನ್ನ ಕೈಯನ್ನೇ ನೋಡಿದಳು. "ಅತ್ತೆ, ನನ್ನ ಕಣ್ಣು ಕಟ್ಟಿ."

"ಯಾಕೇ, ನನ್ನ ಮುಖ ನೋಡಿ ಸಾಕಾಯಿತೇ?"

"ಆ ಮಾಂತ್ರಿಕ ತಲೆಗೆ ಸುಳ್ಳು ಸೇರಿಸಿದ್ದಾನೆ. ಕೈಗೆ ಸೇರಿಸಿದ ಹಾಗಿಲ್ಲ."

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸೋವಲೆ ಆ ದಿನದ ಅಡುಗೆ ಮಾಡಿದಳು. ಆಮೇಲೆ ಹಬ್ಬದ ಅಡುಗೆಗೆಂಬಂತೆ ಕೈಚಾಚಿದಳು, ಮಳೆಗಾಲದ ಕೆಲಸಕ್ಕೆಂಬಂತೆ ಕೈಚಾಚಿದಳು. ಕೈ ತಾನಾಗಿ ಮುಟ್ಟಿದ್ದನ್ನೆಲ್ಲ ಕೇತಯ್ಯ ಒಂದು ಬದಿಗಿಟ್ಟ. ಅನಂತರ ಮಾಚವ್ವೆಯ ಕಣ್ಣು ಕಟ್ಟಿದರು. ಅವಳ ಕೈ ನೇರವಾಗಿ ಅಡಿಕೆಯ ಸಂಚಿಗೆ ಹೋಯಿತು, ತವರಿನ ಚೊಂಬಿನ ಹತ್ತಿರ ಸುಳಿಯಲೇ ಇಲ್ಲ. ಅವಳು ಬಟ್ಟೆ ಬಿಚ್ಚಿ ಚೊಂಬನ್ನು ಬಹಳ ಹೊತ್ತು ನೋಡಿದಳು. "ಅಣ್ಣನೇ ಇರಲಿಲ್ಲವೇನೋ ನನಗೆ" ಎಂದಳು ಮೆಲ್ಲಗೆ. ಕೇತಯ್ಯನ ಕೈ ಮುಟ್ಟಿದ್ದು ಅವನ ಪೇಟವನ್ನು, ಊಟದ ತಟ್ಟೆಯನ್ನು, ಮತ್ತು ಮಾಚವ್ವೆ ಬಚ್ಚಿಟ್ಟಿದ್ದ ಬೆಲ್ಲವನ್ನು.

"ಅದೂ ಗೊತ್ತೇನೋ ನಿನಗೆ?" ಎಂದಳು ತಾಯಿ.

ಯಾರ ಕೈಯೂ ಮುಟ್ಟದವನ್ನು ಕೊಪ್ಪರಿಗೆಗೆ ತುಂಬತೊಡಗಿದರು. ಮಾಯೆಯ ಕೊಪ್ಪರಿಗೆ, ಹಾಕಿದಷ್ಟೂ ಹಿಡಿಯಿತು. ಕೊನೆಗೆ ಒಂದು ಪುಟ್ಟ ಕುಂಕುಮದ ಭರಣಿ ಉಳಿಯಿತು. ಸೋವಲೆ ಅದನ್ನೆತ್ತಿಕೊಂಡು ನಿಂತುಬಿಟ್ಟಳು. ಅವಳ ತಾಯಿ ಆ ಭರಣಿಯಿಂದ ಬೆರಳಿಗೆ ಕುಂಕುಮ ತೆಗೆದು ಅವಳ ಹಣೆಗಿಟ್ಟು, "ಅಲುಗಾಡಬೇಡ ಮರಿ, ಸೊಟ್ಟಗಾಗುತ್ತದೆ" ಎಂದದ್ದು ಅವಳಿಗೆ ಸ್ಪಷ್ಟವಾಗಿ ನೆನಪಿತ್ತು.

"ನಿಮ್ಮಮ್ಮ ಹೋದಾಗ ನಿನಗೆ ಆರು ತಿಂಗಳು" ಎಂದಳು ಮಾಚವ್ವೆ. ಚುಚ್ಚುವುದಕ್ಕಾಗಿ ಹೇಳಿದ ಮಾತಲ್ಲ ಅದು.

"ಗೊತ್ತು ಅತ್ತೆ."

"ಇಷ್ಟು ಚಿಕ್ಕದು ಒಂದು ಉಳಿದರೆ ಏನಾಗುತ್ತದೆ?"

"ಎಲ್ಲವೂ ಚಿಕ್ಕದೊಂದರಿಂದಲೇ ಶುರುವಾದದ್ದು." ಸೋವಲೆ ಭರಣಿಯನ್ನು ಎಲ್ಲಕ್ಕಿಂತ ಮೇಲೆ ಇಟ್ಟಳು.

ಚತುರ್ದಶಿಯ ಬೆಳಿಗ್ಗೆ ಕೊಕ್ಕರೆ ಕೋಸಂಬರಿಯ ಬಟ್ಟಲಿನೊಂದಿಗೆ ಇಳಿಯಿತು. ಇಂದು ಸೋವಲೆ ಒಳಗೆ ಹೋಗಲಿಲ್ಲ. ಬಟ್ಟಲನ್ನೂ ಕೊಪ್ಪರಿಗೆಗೆ ಹಾಕಿ ಅದರ ಮುಂದಕ್ಕೆ ತಳ್ಳಿದಳು.

"ಇದೇನಮ್ಮ?" ಎಂದಿತು ಕೊಕ್ಕರೆ.

"ನಿಮ್ಮ ಕೊಪ್ಪರಿಗೆ. ಬರಿದಾಗಿ ಕಳಿಸುವುದು ನಮ್ಮಲ್ಲಿಲ್ಲ."

"ಒಂದು ಹಿಡಿ ಸಕ್ಕರೆ ಸಾಕಿತ್ತು."

"ಎಷ್ಟು ತುಂಬಬೇಕೆಂದು ಪದ್ಧತಿ ಎಲ್ಲೂ ಹೇಳಿಲ್ಲವಲ್ಲ."

ತುಂಬಿ ಕೊಟ್ಟದ್ದನ್ನು ಒಲ್ಲೆನ್ನುವ ಹಾಗಿಲ್ಲ. ಕೊಕ್ಕರೆ ಕೊಪ್ಪರಿಗೆಯನ್ನು ಕೊಕ್ಕಿನಲ್ಲಿ ಕಚ್ಚಿ, ಮೂರು ಸಲ ಬಿದ್ದೆದ್ದು ಹಾರಿತು. ಅದು ಕಣ್ಮರೆಯಾಗುತ್ತಿದ್ದಂತೆ ಸೋವಲೆಯ ತಲೆಯಿಂದ ಏನೋ ಜಾರಿತು. ಭರಣಿಯೊಂದನ್ನು ಇಡಲು ತಡವರಿಸಿದೆನೆಂಬುದಷ್ಟೇ ನೆನಪಿತ್ತು. ಏಕೆ ತಡವರಿಸಿದೆನೆಂಬುದು ಮರೆತುಹೋಯಿತು.

ಕಣಜಾಕ್ಷ ಆ ದಿನ ಸಂತೆಯಲ್ಲಿ ಹೊಸ ಪಾತ್ರೆ ಆರಿಸುತ್ತಿದ್ದ. ಹಿಂದೆಂದೂ ಅವನು ತನ್ನ ಪಾತ್ರೆಗಳನ್ನು ಸೂರ್ಯ ಮುಳುಗುವವರೆಗೆ ಗುಡಿಸಲಿನಲ್ಲಿ ಇರಗೊಟ್ಟವನಲ್ಲ. ಅಂದು ಕೊಕ್ಕರೆ ಕೊಪ್ಪರಿಗೆಯನ್ನು ಇಳಿಸಿದ್ದ ಗುಡಿಸಲನ್ನು ಅವನು ಹೊಗುವುದಕ್ಕೂ ಸೂರ್ಯ ಮುಳುಗುವುದಕ್ಕೂ ಸರಿಹೋಯಿತು.

ಹುಣ್ಣಿಮೆಯ ಮಧ್ಯಾಹ್ನ ಹೆಗ್ಗಡೆ ಬಂದ. ಅರಮನೆಯ ಚಾಪೆ ಹಾಸಿದ. ಅದರ ಪಕ್ಕದಲ್ಲಿ ಇನ್ನೂ ಎರಡು ಹಾಸಬಹುದಿತ್ತು. ಅಳತೆ ಖಚಿತವಾಗಲೆಂದು ತಾನೇ ಮಲಗಿ ನೋಡಿದ. ಗೊರಕೆ ಬರುವಷ್ಟರಲ್ಲಿ ಕಣಜಾಕ್ಷ ಬಾಗಿಲಲ್ಲಿ ಕಾಣಿಸಿಕೊಂಡ. ಕೂದಲು ಕೆದರಿತ್ತು, ಕಣ್ಣು ತುಂಬಿತ್ತು.

"ನಿಮ್ಮ ವಸ್ತುಗಳಿದ್ದರೆ ಕರೆಯಿರಿ" ಎಂದ ಹೆಗ್ಗಡೆ.

"ಎಲ್ಲ ನನ್ನ ಮನೆಯಲ್ಲೇ ಇವೆ ಸ್ವಾಮಿ. ಚೊಂಬು ನನ್ನ ತವರಿನದು. ಮದುವೆಯಲ್ಲಿ ನಮ್ಮಣ್ಣ ಕೊಟ್ಟದ್ದು."

"ತವರು? ನಿಮಗೆ?"

"ಕೊಳಗ ನನ್ನ ಸೀಮಂತದ್ದು" ಎಂದ ಮಾಂತ್ರಿಕ, ಗಡ್ಡ ನೀವಿಕೊಳ್ಳುತ್ತ.

ಹೆಗ್ಗಡೆ ತನ್ನ ಓಲೆಯನ್ನು ಎರಡು ಸಲ ಓದಿದ. "ಈ ಬೀದಿಯ ನಾಲ್ಕು ಉಗ್ರಾಣಗಳು?"

"ಉಗ್ರಾಣವೇ? ನನಗೆಲ್ಲಿಯದು? ನಾನು ಸಂಸಾರವಂದಿಗ." ಚಿಟಿಕೆ ಹೊಡೆಯುವುದು ಹೇಗೆಂದೂ ಅವನಿಗೆ ಮರೆತಿತ್ತು. ಕೇಳುವವರಿಲ್ಲದ ನಾಲ್ಕು ಮನೆಗಳನ್ನು ಹೆಗ್ಗಡೆ ಅವರವರಿಗೆ ಬಿಟ್ಟುಕೊಟ್ಟ. ಸಂಜೆಯೊಳಗೆ ಆ ನಾಲ್ಕೂ ಮನೆಯವರು ಗಂಟು ಹೊತ್ತು ಮರಳಿದರು.

ಕಣಜಾಕ್ಷ ಮಾತ್ರ ಹೊಸ್ತಿಲಲ್ಲೇ ಕುಳಿತ. ಮಡಿಲಿನಿಂದ ಒಂದು ಭರಣಿ ತೆಗೆದು ಸೋವಲೆಗೆ ತೋರಿಸಿದ. "ಇದು ನಮ್ಮಮ್ಮನದು ತಾಯಿ. ಹಣೆಗೆ ಇಡುವಾಗ, ಅಲುಗಾಡಬೇಡ ಮರಿ, ಸೊಟ್ಟಗಾಗುತ್ತದೆ ಎನ್ನುತ್ತಿದ್ದಳು."

ಸೋವಲೆಗೆ ಆ ಮಾತು ಎಲ್ಲೋ ಕೇಳಿದಂತೆಯೂ ಇರಲಿಲ್ಲ. ಆದರೆ ಅವಳ ಬಲಗೈ ತಾನಾಗಿ ಮೇಲೆದ್ದು, ಹಣೆಯ ನಡುವೆ, ಸೊಟ್ಟಗಾಗದ ಹಾಗೆ, ಬೆರಳಿಟ್ಟು ನಿಂತಿತು.

ಅವಳು ಕೈಯನ್ನು ನೋಡಿದಳು, ಭರಣಿಯನ್ನು ನೋಡಿದಳು. ಆರು ತಿಂಗಳ ಕೂಸಿನ ಕೈಗೆ ಏನು ಗೊತ್ತಿರಲು ಸಾಧ್ಯ? ಏನೂ ಗೊತ್ತಿರಲು ಸಾಧ್ಯವಿಲ್ಲವೆಂದು ಯಾರು ಹೇಳಬಲ್ಲರು? ಮಾಂತ್ರಿಕ ಭರಣಿಯನ್ನು ಎರಡು ಕೈಯಲ್ಲೂ ಹಿಡಿದು ಅಳುತ್ತಿದ್ದ.

"ಕೇಳಿ ತೆಗೆದುಕೊಳ್ಳೇ, ಕೊಡುತ್ತಾನೆ" ಎಂದು ಮಾಚವ್ವೆ ಪಿಸುಗುಟ್ಟಿದಳು.

"ಅವನಿಗೆ ಬೇರೆ ಅಮ್ಮ ಇದ್ದ ಹಾಗೆ ಕಾಣುವುದಿಲ್ಲ ಅತ್ತೆ" ಎಂದಳು ಸೋವಲೆ. ಅವನಿಗೆ ಒಂದು ಎಲೆ ಹಾಕಿ ಉಣಬಡಿಸಿದಳು.

ಆಮೇಲೆ ಇರುವಂತಿಗೆಯಲ್ಲಿ ಯಾವ ಮನೆಯೂ ಉಗ್ರಾಣವಾಗಲಿಲ್ಲ. ಕೊಕ್ಕರೆ ಮೀನು ಹಿಡಿಯುವ ಕಸುಬಿಗೆ ಮರಳಿತು. ಮಾಂತ್ರಿಕ ತನ್ನ ನೂರು ಬಂಧುಗಳ ಕತೆ ಹೇಳುತ್ತ ಮುದುಕನಾದ. ಎರಡಂಕಣದಲ್ಲಿ ಮೂವರೂ ಕಾಲು ಚಾಚಿ ಬಹುಕಾಲ ಸುಖವಾಗಿದ್ದರು. ಹೀಗೆಂದು ಹೇಳಿದವರು ಹೇಳುತ್ತಾರೆ. ನಂಬುವವರು ಮೊದಲು ತಮ್ಮ ಮನೆಯ ಸೌಟನ್ನು ಕಣ್ಣುಮುಚ್ಚಿ ತೆಗೆದು ನೋಡಲಿ.