ಮಡಿವಾಳ ಹಕ್ಕಿಯ ಎದುರಾಳಿ

ನಾಯಿ ಮುಟ್ಟಿದರೆ ತನ್ಮಯಿ ಪುನಃ ಸ್ನಾನ ಮಾಡಬೇಕು. ಪರಿಚಯವಾದ ಮೊದಲ ದಿನವೇ ಅವಳು ಇದನ್ನು ಶೋಭಿತ್‌ಗೆ ಸ್ಪಷ್ಟವಾಗಿ ಹೇಳಿದ್ದಳು, ಅದೂ ಹೂವಿನ ಬುಟ್ಟಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದುಕೊಂಡು.

"ನಾಯಿಯನ್ನು ಸ್ವಲ್ಪ ಹಿಡ್ಕೊಳ್ಳಿ ಮಾರಾಯ್ರೆ! ಇದು ಪೂಜೆಯ ಹೂ. ಅಪ್ಪ ಕಾಯ್ತಾ ಇದ್ದಾರೆ."

"ಬೊಂಡ, ಬಾ ಇಲ್ಲಿ!" ಶೋಭಿತ್ ಬೆಲ್ಟ್ ಎಳೆದ. ಎಳನೀರಿನ ಕಾಯಿಯಷ್ಟೇ ದುಂಡು ತಲೆಯ ಆ ಊರನಾಯಿ ಬಾಲ ಆಡಿಸುತ್ತ ಅಲ್ಲೇ ಕುಳಿತಿತು.

"ಬೊಂಡನಾ? ಹೆಸರು ಸರಿಯಾಗಿ ಉಂಟು," ಎಂದು ಅವಳು ನಕ್ಕಳು. ನಗುವಿನ ಹೆಚ್ಚಿನಂಶ ನಾಯಿಗೆ. ಕೊನೆಯ ಚೂರು ಮಾತ್ರ ಶೋಭಿತ್‌ನ ಪಾಲಿಗೆ ಬಂತು. ಅವನಿಗೆ ಅಷ್ಟೇ ಸಾಕಾಯಿತು.

ಉರ್ವ ಮಾರ್ಕೆಟ್ಟಿನ ಹಿಂದೆ, ಯಾರೋ ಮನೆ ಕಟ್ಟಲೆಂದು ತೆಗೆದುಕೊಂಡು ಹಾಗೇ ಬಿಟ್ಟ ಜಾಗವೊಂದಿದೆ. ಮಾರ್ಚ್ ಬಂತೆಂದರೆ ಅಲ್ಲಿನ ಕಾಟುಮಾವು ಮಿಡಿ ಬಿಡುತ್ತದೆ, ಗೇರುಹಣ್ಣಿನ ಘಾಟು ರಸ್ತೆಯವರೆಗೂ ಬರುತ್ತದೆ, ಕೇಪಳದ ಗಿಡಗಳು ಕೆಂಪು ಹೂ ತುಂಬಿ ನಿಲ್ಲುತ್ತವೆ. ಅರ್ಚಕ ಯಜ್ಞನಾರಾಯಣರ ಮಗಳು ತನ್ಮಯಿ ಶಾಲೆಯಲ್ಲಿ ಟೀಚರ್. ದಿನಾ ಬೆಳಿಗ್ಗೆ ಆರೂವರೆಗೆ ಅಲ್ಲಿಗೆ ಹೂ ಕೊಯ್ಯಲು ಬರುತ್ತಿದ್ದಳು. ಬಿಜೈಯಲ್ಲಿ ಮನೆಯವರ ಹೋಟೆಲ್ ನೋಡಿಕೊಳ್ಳುವ ಶೋಭಿತ್ ಅದೇ ಹೊತ್ತಿಗೆ ನಾಯಿಯನ್ನು ವಾಕಿಂಗ್ ಕರೆತರುತ್ತಿದ್ದ. ಮೊದಲೆಲ್ಲ ಏಳೂವರೆಗೆ ತರುತ್ತಿದ್ದ, ಅದು ಬೇರೆ ವಿಷಯ.

ಇಬ್ಬರ ನಡುವೆ ಯಾವಾಗಲೂ ಬೆಲ್ಟಿನಷ್ಟು ಅಂತರ. ಅಲ್ಲಿದ್ದ ತಲೆ ಹೋದ ತೆಂಗಿನ ಮರದ ಪೊಟರೆಯಲ್ಲಿ ಮಡಿವಾಳ ಹಕ್ಕಿಗಳ ಜೋಡಿಯೊಂದು ಗೂಡು ಕಟ್ಟಿತ್ತು. ಕಪ್ಪು ಬಿಳುಪಿನ ಗಂಡು ಮಾವಿನ ತುದಿಯಲ್ಲಿ ಕುಳಿತು ಹಾಡಿದರೆ ತನ್ಮಯಿ ಕೊಯ್ಯುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಆಗ ಶೋಭಿತ್ ಅವಳ ರೆಪ್ಪೆಗಳನ್ನು, ಕಿವಿಯ ಬಳಿ ಒದ್ದೆಯಾಗಿ ಅಂಟಿದ ಕೂದಲನ್ನು ನೋಡುತ್ತಿದ್ದ. ಹಾಡು ನಿಂತಿತೋ, ಅವಳು ಹೊರಟೇಬಿಡುತ್ತಿದ್ದಳು. ಇಡೀ ದಿನದಲ್ಲಿ ಅವನಿಗೆ ಸಿಗುತ್ತಿದ್ದದ್ದು ಐದೇ ನಿಮಿಷ.

ಅದನ್ನು ಹಿಗ್ಗಿಸಲು ಮಹಾಶಯನಿಗೊಂದು ಉಪಾಯ ಹೊಳೆಯಿತು. ಮಡಿವಾಳ ಹಕ್ಕಿಯ ಹಾಡನ್ನು ಫೋನಿಗೆ ಇಳಿಸಿಕೊಂಡ. ಪುಟ್ಟ ಸ್ಪೀಕರೊಂದನ್ನು ಪಾಗಾರದ ಗೋಡೆಗೆ ಹಬ್ಬಿದ ಬಳ್ಳಿಯೊಳಗೆ ಅಡಗಿಸಿಟ್ಟ. ಹಕ್ಕಿ ಸುಮ್ಮನಾದ ಕೂಡಲೇ ಜೇಬಿಗೆ ಕೈ ಹಾಕಿ ನುಡಿಸಿದ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತೆಂದು ಆ ಬಡಪಾಯಿ ಗಂಟಲು ಹರಿಯುವಂತೆ ಹಾಡತೊಡಗಿತು.

"ಕೇಳಿದ್ರಾ? ಎರಡು ಉಂಟು!" ತನ್ಮಯಿಯ ಕಣ್ಣು ಅರಳಿತು. "ಹೊಸಬ ಎಲ್ಲಿಂದ ಬಂದದ್ದು?"

"ಸುರತ್ಕಲ್‌ನಿಂದ ಇರಬೇಕು."

"ಬಸ್ಸಿನಲ್ಲಾ?"

ಆ ದಿನ ಅವಳು ಇಪ್ಪತ್ತು ನಿಮಿಷ ನಿಂತಳು. ಮರುದಿನವೂ ನಿಂತಳು. ಹೀಗೆ ಹತ್ತು ದಿನ ಶೋಭಿತ್ ನೆಲದ ಮೇಲೆ ನಡೆಯಲಿಲ್ಲ.

ಹನ್ನೊಂದನೆಯ ದಿನ ಮರದ ಕೆಳಗೆ ಮರಿಯೊಂದು ಸತ್ತು ಬಿದ್ದಿತ್ತು. ಬೊಂಡ ಅದನ್ನು ಮೂಸುತ್ತ ನಿಂತಿತ್ತು.

"ಅಯ್ಯೋ! ಎಂತ ಮಾಡಿದ್ದು ಇದು?" ತನ್ಮಯಿಯ ಧ್ವನಿ ನಡುಗಿತು. "ನಿಮಗೆ ಹಿಡ್ಕೊಳ್ಳಿಕ್ಕೆ ಆಗ್ಲಿಲ್ವಾ?"

ಶೋಭಿತ್ ಬಗ್ಗಿ ನೋಡಿದ. ಮರಿಯ ಮೈಮೇಲೆ ಹಲ್ಲಿನ ಗುರುತೇ ಇರಲಿಲ್ಲ, ಹೊಟ್ಟೆ ಬತ್ತಿ ಹೋಗಿತ್ತು. ಮೇಲೆ ಹೆಣ್ಣೊಂದೇ ಹುಳ ಹೊತ್ತು ತರುತ್ತಿತ್ತು. ಗಂಡು ಮರಿಗಳನ್ನು ಮರೆತು ಪಾಗಾರದ ಬಳ್ಳಿಗೆ ಎರಗುತ್ತ, ಇಲ್ಲದ ಎದುರಾಳಿಯನ್ನು ಹುಡುಕುತ್ತಿತ್ತು. ಅವನಿಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಹೇಳಬೇಕೆಂದು ಬಾಯಿ ತೆರೆದ.

"ಸಾರಿ. ಇನ್ನು ಗಟ್ಟಿ ಹಿಡ್ಕೊಳ್ತೇನೆ," ಎಂದುಬಿಟ್ಟ.

ಸ್ಪೀಕರನ್ನು ಅಂದೇ ತೆಗೆದ. ಆದರೆ ಆಡಿದ ಮಾತನ್ನು ಎಲ್ಲಿಂದ ತೆಗೆಯುವುದು? ಮರುದಿನದಿಂದ ತನ್ಮಯಿ ಬೆನ್ನು ತಿರುಗಿಸಿ ಹೂ ಕೊಯ್ದಳು. ಬೊಂಡ ಕುಂಯ್‌ಗುಟ್ಟಿದರೆ, "ನೀನು ಬರಬೇಡ ಇಲ್ಲಿ," ಎಂದು ಗದರಿದಳು. ಅವಳ ದನಿ ಕೇಳಿದ್ದೇ ದೊಡ್ಡದೆಂಬಂತೆ ನಾಯಿ ಮೈಯೆಲ್ಲ ಕುಣಿಸಿತು. ಅದನ್ನು ನೋಡಲಾಗದೆ ಶೋಭಿತ್ ಗೇರುಮರದ ಕಡೆ ಮುಖ ತಿರುಗಿಸಿದ.

"ಎಂತ ಮಗ, ನೀರುದೋಸೆ ಸಹ ಇಳಿಯುದಿಲ್ವಾ?" ಅಮ್ಮ ಶಶಿಪ್ರಭಾ ಕೇಳಿದರು. ಮೇಜಿನ ಕೆಳಗೆ ಬೊಂಡ ಅವನ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು. ಅವನು ತಟ್ಟೆ ಪಕ್ಕಕ್ಕೆ ಸರಿಸಿದ. ಹೇಳಿದರೆ ತನ್ಮಯಿ ಕೈತಪ್ಪುತ್ತಾಳೆ. ಹೇಳದಿದ್ದರೆ ಈ ನಾಯಿಯ ಮುಖ ನೋಡುವ ಯೋಗ್ಯತೆ ತನಗಿಲ್ಲ.

ನಾಲ್ಕನೆಯ ದಿನ ಅವನು ಒಬ್ಬನೇ ಹೋದ.

"ಬೊಂಡ ಎಲ್ಲಿ?"

"ಮನೆಯಲ್ಲಿ ಉಂಟು. ತಪ್ಪು ಅದರದ್ದಲ್ಲ, ನನ್ನದು." ಸ್ಪೀಕರ್, ಫೋನು, ಹತ್ತು ದಿನದ ಕಳ್ಳಹಾಡು, ಎಲ್ಲ ಹೇಳಿದ. "ಹಾಡು ನಿಂತ್ರೆ ನೀವು ಹೋಗ್ತೀರಿ. ನೀವು ಹೋಗುವುದು ನನಗೆ ಬೇಡ ಅನಿಸ್ತಿತ್ತು."

ತನ್ಮಯಿ ಕೊಯ್ದ ಹೂವನ್ನು ಬುಟ್ಟಿಗೆ ಹಾಕಿ ಅವನತ್ತ ತಿರುಗಿದಳು.

"ಹಕ್ಕಿಗೆ ಮಾಡಿದ್ದು ಗೊತ್ತಿಲ್ಲದೆ. ನಾಯಿಗೆ ಮಾಡಿದ್ದು ಗೊತ್ತಿದ್ದೇ ಅಲ್ವಾ?"

"ಹೌದು."

"ನನ್ನ ಬಾಯಿಯಿಂದ ಅದಕ್ಕೆ ಬೈಯಿಸಿದ್ರಿ."

"ಹೌದು."

ಅವಳು ಹೊರಟುಹೋದಳು.

ಸಂಜೆ ಶೋಭಿತ್‌ನ ಮನೆಯ ಗೇಟಿನ ಸದ್ದಾಯಿತು. "ಬೊಂಡ ಉಂಟಾ ಆಂಟಿ?" ಎಂದು ತನ್ಮಯಿ ಶಶಿಪ್ರಭಾ ಅವರನ್ನು ಕೇಳುತ್ತಿದ್ದಳು. ಮೆಟ್ಟಿಲ ಮೇಲೆ ಕುಳಿತು ಆ ದುಂಡು ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ಸಾರಿ ಮಾರಾಯ. ನಿನ್ನನ್ನು ಕೇಳದೆ ಬೈದೆ," ಎಂದಳು. ನಾಯಿ ಅವಳ ಮೊಣಕೈವರೆಗೂ ನೆಕ್ಕಿತು. "ಉಳಿದ ಎರಡು ಮರಿ ಗಟ್ಟಿ ಇವೆ. ಅಪ್ಪ ಹಕ್ಕಿ ಈಗ ಹುಳ ತರ್ತಾ ಉಂಟು. ಬೇಕಾದವರಿಗೆ ಹೇಳು."

ಬೇಕಾದವನು ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ.

ಅವಳು ಎದ್ದು ಚಪ್ಪಲಿ ಮೆಟ್ಟಿದಳು. "ಸ್ವಲ್ಪ ನಿಲ್ಲಿ ಅಂತ ಕೇಳಿದ್ರೆ ನಾನು ನಿಲ್ತಿದ್ದೆ," ಎಂದಳು. "ಮೊದಲ ದಿನವೇ ನಿಲ್ತಿದ್ದೆ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು ಅವನಿಗೆ. ಒಂದು ಮಾತಿನ ಕೆಲಸಕ್ಕೆ ಒಂದು ಜೀವ ಹೋಗಿತ್ತು. ನೆಲ ನೋಡುತ್ತಲೇ ಕೇಳಿದ. "ಇನ್ನೂ ಸ್ವಲ್ಪ ಹೊತ್ತು ನಿಲ್ತೀರಾ?"

"ಮುಖ ನೋಡಿ ಕೇಳಿ."

ಅವನು ತಲೆ ಎತ್ತಿದ. ಕಣ್ಣು ತುಂಬಿದ್ದನ್ನು ಅವಳಿಂದ ಮರೆಮಾಡದೆ, ಇನ್ನೊಮ್ಮೆ ಕೇಳಿದ.

ತನ್ಮಯಿ ಚಪ್ಪಲಿ ಕಳಚಿಟ್ಟು ಪುನಃ ಮೆಟ್ಟಿಲ ಮೇಲೆ ಕುಳಿತಳು.