ಇನ್ನೂರ ನಲವತ್ತು ವೋಲ್ಟ್

ಉಡುಪಿಯಲ್ಲಿ ಹತ್ತು ವರ್ಷ ಕರೆಂಟಿನ ಕೆಲಸ ಮಾಡಿದ ಇಂಜಿನಿಯರ್ ನಾನು. ಮೀಟರು ಹೇಳಿದ್ದನ್ನು ಬಿಟ್ಟು ಬೇರೇನನ್ನೂ ನಂಬುವವನಲ್ಲ.

2005ರ ಜುಲೈ. ಅಮೆರಿಕದ ಸೆರಿಟೋಸ್‌ಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಾನೂ ಹೆಂಡತಿ ಮೋಹಿನಿಯೂ ಬಾಡಿಗೆಯ ಆರ್‌ವಿಯಲ್ಲಿ, ಅಂದರೆ ಚಕ್ರದ ಮೇಲಿನ ಮನೆಯಲ್ಲಿ, ಸ್ಯಾನ್ ಡಿಯಾಗೋ ಆಚೆಯ ಕ್ಯಾಂಪ್‌ಗ್ರೌಂಡಿಗೆ ಹೋಗಿದ್ದೆವು. ಸುಡುವ ಮಧ್ಯಾಹ್ನ. ನೀರಿನ ರಭಸಕ್ಕೆ ಪೈಪು ಒಡೆಯದಿರಲೆಂದು ನಲ್ಲಿಗೆ ರೆಗ್ಯುಲೇಟರ್ ಕೂರಿಸುವಾಗ, ಆ ನಲ್ಲಿ ಕೈ ಕೊರೆಯುವಷ್ಟು ತಣ್ಣಗಿತ್ತು. ಆಮೇಲೆ ಕರೆಂಟ್ ಕಂಬಕ್ಕೆ ಮೀಟರ್ ಇಟ್ಟೆ. ಇನ್ನೂರ ನಲವತ್ತು. ಊರಿನಲ್ಲಿ ದಿನಾ ನೋಡುತ್ತಿದ್ದ ಅಂಕಿ. ಸರಿಯಿದೆ ಎಂದುಕೊಂಡು ಪ್ಲಗ್ ಎತ್ತಿದೆ.

ಮಣಿಕಟ್ಟನ್ನು ಆ ನಲ್ಲಿಯಷ್ಟೇ ತಣ್ಣನೆಯ ಹಿಡಿತವೊಂದು ಹಿಡಿಯಿತು. ತಿರುಗಿದರೆ ಯಾರೂ ಇಲ್ಲ. ಕೈ ಮಾತ್ರ ಮುಂದೆ ಸರಿಯಲೇ ಇಲ್ಲ. ಆಗ ಹೊಳೆಯಿತು: ಈ ದೇಶದಲ್ಲಿ ಅಲ್ಲಿ ಇರಬೇಕಾದದ್ದು ನೂರಿಪ್ಪತ್ತು! ಪ್ಲಗ್ ಚುಚ್ಚಿದ್ದರೆ ಮೋಹಿನಿ ಒಳಗಿರುವಾಗಲೇ ಎಲ್ಲ ಹೊತ್ತಿಕೊಳ್ಳುತ್ತಿತ್ತು.

ಅಷ್ಟರಲ್ಲಿ ಅವಳೇ ಸ್ಟೀಲ್ ಲೋಟದಲ್ಲಿ ನೀರು, ಬೆಲ್ಲದ ತುಂಡು ಹಿಡಿದು ಇಳಿದಳು. ಬಿಸಿಲಲ್ಲಿ ಬಂದವರಿಗೆ ನಮ್ಮ ಕಡೆ ಮೊದಲು ಕೊಡುವುದು ಅದನ್ನೇ.

"ಆ ಅಜ್ಜ ಎಲ್ಲಿ ಮಾರಾಯ್ರೆ? ನಿಮ್ಮ ಕೈ ಹಿಡ್ಕೊಂಡು ನಿಂತಿದ್ರಲ್ಲ? ಪಾಪ, ತುಂಬಾ ಬಾಯಾರಿದ ಹಾಗೆ ಕಾಣ್ತಿದ್ರು."

ನಾನು ಪ್ಲಗ್ ಕೆಳಗಿಟ್ಟೆ. ಅವಳು ಲೋಟ, ಬೆಲ್ಲ ಎರಡನ್ನೂ ಅಲ್ಲಿದ್ದ ಮೇಜಿನ ಮೇಲಿಟ್ಟಳು. ಇಬ್ಬರೂ ಕ್ಯಾಂಪ್‌ಗ್ರೌಂಡಿನ ಆಫೀಸಿಗೆ ಹೋಗಿ ಬೇರೆ ಜಾಗ ಕೇಳಿಕೊಂಡು ಬರುವಷ್ಟರಲ್ಲಿ ಲೋಟ ಖಾಲಿಯಾಗಿತ್ತು. ಬೆಲ್ಲದ ಮೂಲೆಯಲ್ಲಿ ಹಲ್ಲಿನ ಗುರುತಿತ್ತು.

ಆ ಲೋಟ ಈಗಲೂ ನಮ್ಮ ಅಡುಗೆಮನೆಯಲ್ಲಿದೆ. ಕುದಿಯುವ ಕಾಫಿ ಸುರಿದರೂ ಅದು ಬಿಸಿಯಾಗುವುದಿಲ್ಲ.