ಕಪಾಟಿಗೆ ಮರಳಿದ ಗಂಟೆ

೨೦೧೯ರ ಮಾರ್ಚ್ ೨೭, ಬುಧವಾರ. ಬೆಳಿಗ್ಗೆ ೧೧ ಗಂಟೆ ೧೦ ನಿಮಿಷಕ್ಕೆ ಟ್ರಿನಿಡಾಡಿನ ಉತ್ತರ ಕರಾವಳಿಯ ಕಲೇಬಾಸ್ ಕೊಲ್ಲಿ ಪೊಲೀಸ್ ಠಾಣೆಗೆ ಒಂದು ದೂರು ಬಂದಿತು. ತಂದವರು ಗುಡ್ಡದ ಮೇಲಿರುವ ಆತ್ಮಿಕ ಬ್ಯಾಪ್ಟಿಸ್ಟರ ಪ್ರಾರ್ಥನಾಲಯದ ಮುಖ್ಯಸ್ಥೆ, ತಾಯಿ ಯುಡೋರಾ ಕಫಿ. ಬಿಳಿಯ ಉಡುಪು, ತಲೆಗೆ ಬಿಗಿದ ನೀಲಿ ವಸ್ತ್ರ, ಮುಖದಲ್ಲಿ ಕೋಪ.

"ಗಂಟೆ ಕದ್ದಿದ್ದಾರೆ. ಹಿತ್ತಾಳೆ ಕೈಗಂಟೆ. ನಿನ್ನೆ ಸಂಜೆ ಗಾಜಿನ ಪೆಟ್ಟಿಗೇಲಿತ್ತು, ಇವತ್ತು ಹತ್ತು ಗಂಟೆಗೆ ನೋಡ್ತೀನಿ, ಇಲ್ಲ. ಶನಿವಾರ ವಿಮೋಚನಾ ದಿನ, ಮಂತ್ರಿಗಳು ಬರ್ತಾರೆ. ಗಂಟೆ ಇಲ್ದೆ ನಾನೇನು ತಂಬಿಗೆ ಬಡೀಲಾ?"

"ಯಾರ ಮೇಲಾದರೂ ಅನುಮಾನ?" ಇನ್ಸ್‌ಪೆಕ್ಟರ್ ವರ್ನೆಲ್ಲಾ ಲೆಜಾಮಾ ಕೇಳಿದರು.

"ಅನುಮಾನ ಯಾಕೆ, ಗೊತ್ತೇ ಇದೆ. ಪಕ್ಕದ ಚರ್ಚಿನ ಪಾಸ್ಟರ್ ಗಾರ್ವಿನ್. ನಮ್ಮ ಪ್ರಾರ್ಥನೆಗೆ ದೆವ್ವದ ಗಲಾಟೆ ಅಂತಾನೆ. ಸಂಜೆಯೊಳಗೆ ನೀವು ಹಿಡೀದಿದ್ರೆ ನಮ್ಮ ಗಂಡಸರು ಹಿಡೀತಾರೆ."

ದೂರು ದಾಖಲಾಯಿತು. ೧೨ ಗಂಟೆಗೆ ಲೆಜಾಮಾ ಅವರು ಕಾರ್ಪೊರಲ್ ಬುಡೂ ಜತೆ ಸ್ಥಳಕ್ಕೆ ಹೋಗಿ ಪಂಚನಾಮೆ ಆರಂಭಿಸಿದರು. ಅಂಗಳದಲ್ಲಿ ಆಗಲೇ ಏಳೆಂಟು ಗಂಡಸರು ಸೇರಿದ್ದರು.

ಗಾಜು ಒಡೆದಿರಲಿಲ್ಲ, ಬೀಗ ಮುರಿದಿರಲಿಲ್ಲ. ಬೀಗದ ಕೈ ಬಾಗಿಲ ಹಿಂದಿನ ಮೊಳೆಯಲ್ಲೇ ಇತ್ತು. ಪೆಟ್ಟಿಗೆಯ ಮೇಲ್ಗಡೆ ಗೋಡೆಗೆ ಹೊಸ ಫಲಕವೊಂದನ್ನು ಜಡಿದಿದ್ದರು: "ಹಿರಿಯ ಥಿಯೋಫಿಲಸ್ ಕಫಿ ಅವರು ನಿಷೇಧದ ಕಾಲದಲ್ಲಿ ಈ ಗಂಟೆಯನ್ನು ಏಳು ವರ್ಷ ಪೊಲೀಸರ ಕಣ್ಣಿಗೆ ಬೀಳದಂತೆ ಕಾಪಾಡಿದರು."

"ನಮ್ಮಪ್ಪ," ಎಂದರು ಯುಡೋರಾ. "ಶನಿವಾರ ಅನಾವರಣ."

ನಡುಗಂಬದ ಬುಡದಲ್ಲಿ ಹಿತ್ತಾಳೆ ತಂಬಿಗೆಯಿತ್ತು. ಅದರಲ್ಲಿ ಕೆಂಪು ದಾಸವಾಳ.

"ಈ ಹೂವು ಯಾವಾಗಿನದು?"

"ಭಾನುವಾರದ್ದು."

ಲೆಜಾಮಾ ಬಗ್ಗಿ ನೋಡಿದರು. ದಾಸವಾಳದ ಬಾಳು ಒಂದೇ ದಿನ. ಇದು ಅರಳಿ ನಳನಳಿಸುತ್ತಿತ್ತು. ಮಣ್ಣಿನ ನೆಲದ ನಾಲ್ಕೂ ಮೂಲೆಗಳಲ್ಲಿ ನೀರು ಹೊಯ್ದ ಕಲೆ ಇನ್ನೂ ಆರಿರಲಿಲ್ಲ.

ಬುಡೂ ಪಿಸುಗುಟ್ಟಿದ: "ಕದಿಯೋಕೆ ಬಂದು, ನೀರು ಹಾಕಿ, ಹೂವು ಬದಲಾಯಿಸಿ ಹೋಗಿದ್ದಾನೆ. ಇಂಥ ಕಳ್ಳ ವಾರಕ್ಕೊಂದು ಸಲ ನಮ್ಮನೆಗೂ ಬರ್ಲಿ, ಮೇಡಂ."

ಗಂಟೆ ಬಾರಿಸುವ ಮುನ್ನ ನಾಲ್ಕು ಮೂಲೆಗೂ ನೀರೆರೆಯುವುದು ಈ ಪಂಥದ ಆಚಾರವೆಂದು ಲೆಜಾಮಾ ಅವರಿಗೆ ಗೊತ್ತಿತ್ತು. ಮೂಲೆಗಳಿಗೆ ನೀರೆರೆಯದೆ ಗಂಟೆಯನ್ನು ಮುಟ್ಟಲಾರದ ಕೈ ಹೊರಗಿನವರದಾಗಿರಲು ಸಾಧ್ಯವಿರಲಿಲ್ಲ.

೧೨.೫೦ಕ್ಕೆ ಪಾಸ್ಟರ್ ಗಾರ್ವಿನ್ ಅವರ ವಿಚಾರಣೆ. ಅವರು ಕಿಟಕಿ ಬಾಗಿಲುಗಳನ್ನೆಲ್ಲ ಭದ್ರಪಡಿಸಿಕೊಂಡು ಕುಳಿತಿದ್ದರು.

"ನಾನ್ಯಾಕೆ ಇವತ್ತು ಕದೀಲಿ, ಮೇಡಂ? ಕದಿಯೋ ಹಾಗಿದ್ರೆ ಭಾನುವಾರದ ಅವರ ಗಂಟೆ ಗಲಾಟೆಗೆ ಮುಂಚೆ ಕದ್ದು ಒಂದು ನಿದ್ದೆನಾದ್ರೂ ಮಾಡ್ತಿದ್ದೆ. ಇವತ್ತೂ ಬಿಟ್ರಾ? ಬೆಳಿಗ್ಗೆ ಆರೂವರೆಗೇ ಸ್ಮಶಾನದ ಕಡೆಯಿಂದ ಢಣಢಣ ಅಂತ ಶುರು."

"ಸ್ಮಶಾನದ ಕಡೆಯಿಂದಲೇ?"

"ಕಿವಿ ಇದೆ ನಂಗೆ. ನಾಲ್ಕು ಸಲ, ನಿಲ್ಲಿಸಿ ನಿಲ್ಲಿಸಿ."

ನಾಲ್ಕು ಸಲ ಎಂದರೆ ಸಮಾಧಿಯೊಂದರ ನಾಲ್ಕು ಮೂಲೆ. ಸ್ಮಶಾನದಲ್ಲಿ ಹುಡುಕುವುದು ಕಷ್ಟವಾಗಲಿಲ್ಲ. ಕಾಲ ಸವೆಸಿದ ಒಂದು ಸಮಾಧಿಯ ಮೇಲೆ ಅದೇ ಕೆಂಪು ದಾಸವಾಳ, ಉರಿದು ಮುಗಿದ ಬಿಳಿ ಮೇಣದಬತ್ತಿ. ಕಲ್ಲಿನ ಮೇಲೆ: ಇಸ್ಮೇ ಪ್ಯಾಸ್ಕಲ್, ಮರಣ ೧೯೫೦.

"ಹಯಸಿಂತ್ ಅಜ್ಜಿಯ ಅಮ್ಮ," ಎಂದ ಬುಡೂ. "ಪ್ರಾರ್ಥನಾಲಯಕ್ಕೆ ನೀರು ತುಂಬೋದು ಆ ಅಜ್ಜಿನೇ. ಎಂಬತ್ತೊಂದಾಯ್ತು, ಇನ್ನೂ ಬಿಟ್ಟಿಲ್ಲ."

ಲೆಜಾಮಾ ನೇರವಾಗಿ ಅಜ್ಜಿಯ ಮನೆಗೆ ಹೋಗಲಿಲ್ಲ. ಮೊದಲು ಠಾಣೆಯ ಉಗ್ರಾಣದಲ್ಲಿದ್ದ ನಿಷೇಧದ ಕಾಲದ ಜಪ್ತಿ ಪುಸ್ತಕಗಳನ್ನು ತೆಗೆಸಿದರು. ಬಿಳಿ ವಸ್ತ್ರ ತಲೆಗೆ ಕಟ್ಟಿ, ಮೇಣದಬತ್ತಿ ಹಿಡಿದು, ಗಂಟೆ ಬಾರಿಸಿ ದೇವರನ್ನು ಕರೆಯುವುದನ್ನೇ ಅಪರಾಧವೆಂದು ಸಾರಿದ ಕಾನೂನೊಂದು ಈ ದ್ವೀಪದಲ್ಲಿ ೧೯೫೧ರವರೆಗೆ ಮೂವತ್ತನಾಲ್ಕು ವರ್ಷ ಜಾರಿಯಲ್ಲಿತ್ತು; ಅದು ರದ್ದಾದ ದಿನವೇ ವಿಮೋಚನಾ ದಿನ. ಅಂಥ ಕಾನೂನನ್ನು ಬರೆದವರು ನಾಚಲಿಲ್ಲ. ಜಾರಿಗೆ ತಂದವರು ದಿನಾಂಕ ಹಾಕಿ, ಸಹಿ ಮಾಡಿ, ಅಚ್ಚುಕಟ್ಟಾಗಿ ದಾಖಲಿಸಿದರು. ಆ ಅಚ್ಚುಕಟ್ಟುತನವೇ ಈಗ ಸಾಕ್ಷಿ ನುಡಿಯಿತು.

೧೨ ನವೆಂಬರ್ ೧೯೪೪. ಹಿತ್ತಾಳೆ ಕೈಗಂಟೆ ಒಂದು, ಅಂಚಿನಲ್ಲಿ ಸೀಳು. ಇಸ್ಮೇ ಪ್ಯಾಸ್ಕಲ್ ಎಂಬಾಕೆಯ ಕೈಯಿಂದ ಜಪ್ತಿ. ಶಿಕ್ಷೆ: ಆರು ವಾರ ಸೆರೆವಾಸ. ಕೆಳಗೆ ಬೇರೆ ಮಸಿಯಲ್ಲಿ: ೯ ಏಪ್ರಿಲ್ ೧೯೫೧, ಥಿಯೋಫಿಲಸ್ ಕಫಿ ಅವರ ವಶಕ್ಕೆ.

ಏಳು ವರ್ಷ ಗಂಟೆಯನ್ನು ಯಾರೂ ಪೊಲೀಸರಿಂದ ಕಾಪಾಡಿರಲಿಲ್ಲ. ಅದು ಪೊಲೀಸರ ಕಪಾಟಿನಲ್ಲೇ ಇತ್ತು.

ಸಂಜೆ ೪ ಗಂಟೆ ೨೦ ನಿಮಿಷ. ಹಯಸಿಂತ್ ಅಜ್ಜಿ ಬಾಗಿಲು ತೆರೆದಿಟ್ಟುಕೊಂಡೇ ಕುಳಿತಿದ್ದರು. ಮೇಜಿನ ಮೇಲೆ ಬಿಳಿ ವಸ್ತ್ರ, ಅದರಡಿ ಗಂಟೆ. ಅಂಚಿನಲ್ಲಿ ಸೀಳು.

"ತಡ ಮಾಡಿದೆ, ಮಗಳೇ. ಊಟದ ಹೊತ್ತಿಗೇ ಬರ್ತೀಯ ಅಂದ್ಕೊಂಡಿದ್ದೆ."

"ಇದನ್ನು ನೀವೇ ತಂದಿರಾ, ಅಜ್ಜಿ?"

"ಕದ್ದೆ ಅಂತ ಬರ್ಕೋ. ಸುಳ್ಳು ಬರೀಬೇಡ. ಆ ಕೆಲಸ ಯುಡೋರಾ ಮಾಡಿದ್ದಾಳೆ, ಗೋಡೆ ಮೇಲೆ."

"ಅವರನ್ನು ಕೇಳಬಹುದಿತ್ತಲ್ಲ?"

"ಮೂರು ಸಲ ಕೇಳ್ದೆ. ಫಲಕದ ಮೇಲೆ ಅಮ್ಮನ ಹೆಸರು ಬರೆಸೇ ಅಂದೆ. ಅಜ್ಜಿಗೆ ಅರಳು ಮರಳು ಅಂತ ಎಲ್ಲರೆದುರು ನಕ್ಳು. ಪೊಲೀಸ್ನೋರು ಅಮ್ಮನ ಬೆರಳು ಒಂದೊಂದಾಗಿ ಬಿಡಿಸಿ ಈ ಗಂಟೆ ಕಿತ್ಕೊಂಡಾಗ ಅವಳ ಲಂಗ ಹಿಡ್ಕೊಂಡು ನಿಂತಿದ್ದೋಳು ನಾನು. ಆರು ವರ್ಷ ನಂಗೆ. ಅಮ್ಮ ಸತ್ತಾಗ್ಲೂ ಕಾನೂನು ಹೋಗಿರ್ಲಿಲ್ಲ. ಗಂಟೆ ಇಲ್ದೆ, ಬಾಯಿ ಮುಚ್ಕೊಂಡು ಹೂಳಿದ್ವಿ, ನಾಯೀನ ಹೂಳ್ದಂಗೆ."

ಬುಡೂ ತನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ದೂರು ದೂರೇ, ಕಾನೂನು ಕಾನೂನೇ. ಲೆಜಾಮಾ ಬಂಧನದ ಮಾತುಗಳನ್ನು ಓದಿ ಹೇಳಿದರು. ಪಾಸ್ಟರ್ ನಿರಪರಾಧಿಯೆಂದು ಅಂಗಳದ ಗಂಡಸರಿಗೆ ತಿಳಿಸಿ ಬರಲು ಬುಡೂನನ್ನು ಕಳುಹಿಸಿದರು. ಆಮೇಲೆ ಅಜ್ಜಿಯ ಕೈ ಹಿಡಿದು ಜೀಪಿಗೆ ಹತ್ತಿಸಿದರು.

ಠಾಣೆಯಲ್ಲಿ ಅವರು ಜಪ್ತಿ ಪುಸ್ತಕ ತೆರೆದು ಬರೆಯತೊಡಗಿದರು. ಅದೇ ಗಂಟೆ, ಅದೇ ಮನೆತನದ ಕೈಯಿಂದ, ಅದೇ ಠಾಣೆಗೆ, ಎಪ್ಪತ್ತೈದನೆಯ ವರ್ಷದಲ್ಲಿ ಮತ್ತೊಮ್ಮೆ. ‘ವಸ್ತುವಿನ ಮಾಲೀಕರು’ ಎಂಬಲ್ಲಿ ಅವರು ದೂರುದಾರಳ ಹೆಸರು ಬರೆಯಲಿಲ್ಲ. ‘ಇಸ್ಮೇ ಪ್ಯಾಸ್ಕಲ್; ನೋಡಿ: ೧೯೪೪ರ ಪುಸ್ತಕ’ ಎಂದು ಬರೆದು, ಹಳೆಯ ಪುಟದ ಒಂದು ನಕಲನ್ನು ನ್ಯಾಯಾಲಯದ ಕಡತಕ್ಕೂ ಇನ್ನೊಂದನ್ನು ತಾಯಿ ಯುಡೋರಾಗೂ ಕಳುಹಿಸಿದರು.

ಶನಿವಾರ ಫಲಕದ ಅನಾವರಣ ನಡೆಯಲಿಲ್ಲ. ಅದರ ಮೊಳೆಗಳನ್ನು ಶುಕ್ರವಾರವೇ ಕಿತ್ತಿದ್ದರು.

ಆ ಬುಧವಾರ ಸಂಜೆ ಗಂಟೆಯನ್ನು ಠಾಣೆಯ ಕಪಾಟಿನಲ್ಲಿಟ್ಟು ಬೀಗ ಹಾಕುವಾಗ ಅಜ್ಜಿ ಬೆಂಚಿನ ಮೇಲಿಂದ ನೋಡುತ್ತಿದ್ದರು.

"ಇಟ್ಕೊಳ್ಳಿ," ಎಂದರು. "ಎಷ್ಟು ವರ್ಷ ಬೇಕಾದ್ರೂ ಇಟ್ಕೊಳ್ಳಿ. ಅಮ್ಮ ಇವತ್ತು ಬೆಳಿಗ್ಗೆ ಕೇಳಿಸ್ಕೊಂಡಾಯ್ತು."